ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿದೆ?

ಓದುಗರ ಪತ್ರ: ಸಂಪಾದಕರೇ, ಆನೆಗೊಂದಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಎರಡೇ ಕೋಣೆ. ಹೋದ ತಿಂಗಳು ಹೊರದೇಶದ ಗಂಡ ಹೆಂಡತಿ ಬಂದು ಮೂರು ದಿನ ಇದ್ದರು. ನಮ್ಮ ಅಜ್ಜಿ ಮೊದಲ ದಿನವೇ ಅವರನ್ನು ಕಟ್ಟೆ ಮೇಲೆ ಕೂರಿಸಿಕೊಂಡು, ಮಕ್ಕಳೆಷ್ಟು, ಯಾಕಿಲ್ಲ, ಪಗಾರ ಎಷ್ಟು, ಅಪ್ಪ ಅಮ್ಮನನ್ನು ಯಾರು ನೋಡ್ಕೋತಾರೆ ಅಂತೆಲ್ಲ ಕೇಳಿದರು. ನಾನೇ ಇಂಗ್ಲಿಷಿಗೆ ಹೇಳಬೇಕಾಯಿತು. ಊರಿಗೆ ಹೋದ ಮೇಲೆ ಅವರು ನೆಟ್‌ನಲ್ಲಿ ನಮ್ಮ ಮನೆ ಬಗ್ಗೆ ಬರೆದರು. ಊಟ ಚೆನ್ನಾಗಿತ್ತು, ಜಾಗ ಚೆನ್ನಾಗಿತ್ತು, ಆದರೆ ಮನೆಯವರು ಪೊಲೀಸರ ಹಾಗೆ ವಿಚಾರಣೆ ಮಾಡುತ್ತಾರೆ, ಥ್ಯಾಂಕ್ಯೂ ಅಂದರೆ ತಿರುಗಿಯೂ ನೋಡುವುದಿಲ್ಲ ಅಂತ. ಓದಿ ನನಗೆ ನಾಚಿಕೆಯಾಯಿತು. ಇನ್ನು ಮೇಲೆ ಅಜ್ಜಿಯನ್ನು ಅತಿಥಿಗಳ ಮುಂದೆ ಬರಬೇಡ ಅನ್ನಬೇಕೋ, ಏನೇನು ಕೇಳಬಾರದು ಅಂತ ಕಲಿಸಬೇಕೋ ತಿಳಿಯುತ್ತಿಲ್ಲ. ನೀವೇ ಹೇಳಿ. (ಹೆಸರು ಹಾಕಬೇಡಿ ಎಂದಿದ್ದಾರೆ. ಗಂಗಾವತಿ ತಾಲ್ಲೂಕು)

ಸಂಪಾದಕರ ಉತ್ತರ:

ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬರಹ ಚೆನ್ನಾಗಿದೆ, ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಬರೆದಿದ್ದೀರಿ. ಆದರೆ ಪ್ರತಿ ಸಲವೂ ಒಂದೇ ಪದದ ಹತ್ತಿರ ನಿಂತುಬಿಟ್ಟೆ: ನಾಚಿಕೆ. ಮನೆಗೆ ಬಂದವರಿಗೆ ಕಟ್ಟೆ ಮೇಲೆ ಜಾಗ ಕೊಟ್ಟು, ನಿಮ್ಮ ಅಪ್ಪ ಅಮ್ಮ ಹೇಗಿದ್ದಾರೆ ಅಂತ ಕೇಳಿದ ಮುದುಕಿಯ ಬಗ್ಗೆ ಮೊಮ್ಮಗಳಿಗೆ ನಾಚಿಕೆ. ಇದು ನನಗೆ ಆ ಅತಿಥಿಗಳು ಬರೆದದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಮೊದಲು ಅವರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅವರ ಊರಲ್ಲಿ ಪಗಾರ ಕೇಳುವುದು ಅಂದರೆ ಜೇಬಿಗೆ ಕೈ ಹಾಕಿದ ಹಾಗೆ. ಮಕ್ಕಳು ಯಾಕಿಲ್ಲ ಅನ್ನೋ ಪ್ರಶ್ನೆ ಯಾರಿಗಾದರೂ ಚುಚ್ಚಬಹುದು, ನಮ್ಮ ಹೆಣ್ಣುಮಕ್ಕಳಿಗೂ ಚುಚ್ಚುತ್ತದೆ. ಅವರು ಬೇಕಂತ ಕೆಟ್ಟದಾಗಿ ಬರೆದಿಲ್ಲ. ತಮಗೆ ಅನಿಸಿದ್ದನ್ನು ಬರೆದರು. ಸರಿ, ಅದಾಯಿತು.

ಈಗ ನಿಮ್ಮನ್ನೊಂದು ಮಾತು ಕೇಳುತ್ತೇನೆ. ಅಜ್ಜಿ ಬರೀ ಕೇಳುತ್ತಾ ಕೂತಿದ್ದರಾ? ನನಗೆ ನಿಮ್ಮ ಅಜ್ಜಿ ಗೊತ್ತಿಲ್ಲ, ಆದರೆ ಈ ಸೀಮೆಯ ಅಜ್ಜಿಯರು ಗೊತ್ತು. 'ನನಗ ಆರು ಮಕ್ಕಳು, ಎರಡು ಹೋದವು, ನಾಲ್ಕು ಉಳದಾವ' ಅಂತ ಹೇಳಿರುತ್ತಾರೆ. 'ನಮ್ಮ ಯಜಮಾನ್ರು ಹೋಗಿ ಇಷ್ಟು ವರ್ಷ ಆತು' ಅಂದಿರುತ್ತಾರೆ. ಮೊಣಕಾಲು ಹಿಡಿದುಕೊಂಡದ್ದನ್ನೂ ಹೇಳಿರುತ್ತಾರೆ. ಅದನ್ನು ನೀವು ಇಂಗ್ಲಿಷಿಗೆ ಹೇಳಿದಿರಾ? ಪ್ರಶ್ನೆಗಳನ್ನು ಮಾತ್ರ ದಾಟಿಸಿ, ಅಜ್ಜಿ ಬಿಚ್ಚಿಟ್ಟ ತಮ್ಮ ಕಥೆಯನ್ನು ಬಿಟ್ಟುಬಿಟ್ಟಿರಾ? ಹಾಗಾಗಿದ್ದರೆ ಅದು ವಿಚಾರಣೆಯ ಹಾಗೇ ಕೇಳಿಸುತ್ತದೆ. ನಮ್ಮಲ್ಲಿ ಕೇಳುವುದು ಅರ್ಧ, ಹೇಳುವುದು ಅರ್ಧ. ಕೊಪ್ಪಳದಿಂದ ಗಂಗಾವತಿ ಬಸ್ ಹತ್ತಿ ನೋಡಿ. ಬೂದಗುಂಪಾ ಕ್ರಾಸ್ ಬರುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ನಿಮ್ಮ ಮನೆಯ ಲೆಕ್ಕವನ್ನೆಲ್ಲ ಕೇಳಿರುತ್ತಾಳೆ, ತನ್ನ ಸೊಸೆಯ ಬಾಣಂತನದ ಕಥೆಯನ್ನೂ ಹೇಳಿರುತ್ತಾಳೆ. ಇಳಿಯುವಾಗ ಮಡಿಲಿಂದ ಎರಡು ಪೇರಲ ಹಣ್ಣು ತೆಗೆದು ಕೊಡುತ್ತಾಳೆ. ಮತ್ತೆ ಜನ್ಮದಲ್ಲಿ ನೀವು ಅವಳನ್ನು ನೋಡುವುದಿಲ್ಲ.

'ಎಲ್ಲಿಗೆ ಹೊಂಟೀರಿ?' ಅಂತ ದಾರಿಯಲ್ಲಿ ಕೇಳಿದರೆ ಯಾರಿಗೂ ಉತ್ತರ ಬೇಕಾಗಿಲ್ಲ. 'ಇಲ್ಲೇ' ಅಂದರೆ ಸಾಕು. 'ಊಟ ಆತೇನ್ರಿ?' ಅನ್ನುವುದೂ ಹಾಗೇ. ಹೊರಗಿನವರು ಇದನ್ನು ಊಟಕ್ಕೆ ಕರೆದದ್ದು ಅಂದುಕೊಳ್ಳುತ್ತಾರೆ, ಇಲ್ಲವೇ ನನ್ನ ಊಟದ ಉಸಾಬರಿ ಇವರಿಗ್ಯಾಕೆ ಅಂದುಕೊಳ್ಳುತ್ತಾರೆ. ಆದರೆ ಈ ಮಾತು ಯಾವ ನೆಲದ್ದು ಅಂತ ಸ್ವಲ್ಪ ಯೋಚನೆ ಮಾಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬರುವ ತನಕ ಇದು ಮಳೆ ನಂಬಿದ ಒಣಭೂಮಿ. 1791-92ರ ಬರಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಡೋಗಿ ಬರ, ಅಂದರೆ ತಲೆಬುರುಡೆ ಬರ. ಹೆಣ ಹೂಳುವವರೂ ಇಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವು ಅಂತ. ಆಮೇಲೆ 1876ರಿಂದ 78ರ ತನಕ, ಆ ಎರಡು ಸಂವತ್ಸರಗಳ ಹೆಸರಲ್ಲೇ, ಧಾತು ಈಶ್ವರ ಬರ. ಬಳ್ಳಾರಿ ಸೀಮೆ ಅದರಲ್ಲಿ ನಲುಗಿದಷ್ಟು ನಲುಗಿದ ಊರುಗಳು ಕಡಿಮೆ. ಇಂಥ ನೆಲದಲ್ಲಿ ಎದುರಿಗೆ ಸಿಕ್ಕವರನ್ನು 'ಉಂಡ್ಯಾ?' ಅಂತ ಕೇಳುವುದು ಸುಮ್ನೆ ಹುಟ್ಟಿದ ಮಾತು ಅಂತ ನನಗೆ ಅನಿಸುವುದಿಲ್ಲ. ಉಂಡಿದ್ದೀಯಾ, ಬದುಕಿದ್ದೀಯಾ ಅಂತ ಕೇಳಿದ ಹಾಗೆ ಅದು.

ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ. 'ಯಾರ ಪೈಕಿ?' ಅನ್ನೋದು. ಅದು ಜಾತಿ ಮೂಸುವ ಪ್ರಶ್ನೆ. ಅದನ್ನು ಹೊರದೇಶದವರಿಗೆ ಯಾರೂ ಕೇಳುವುದಿಲ್ಲ, ನಮ್ಮ ನಮ್ಮಲ್ಲೇ ಕೇಳುತ್ತೇವೆ. ನಾಚಿಕೆಪಡುವುದಿದ್ದರೆ ಅದಕ್ಕೆ ಪಡೋಣ.

ನಿಮ್ಮ ಊರಿನ ಎದುರು ದಡಕ್ಕೇ ಬಂದ ಹಳೆಯ ಅತಿಥಿಯೊಬ್ಬರ ಕಥೆ ಹೇಳುತ್ತೇನೆ. 1443ರಲ್ಲಿ ಈಗಿನ ಅಫ್ಘಾನಿಸ್ತಾನದ ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ಅಬ್ದುಲ್ ರಜಾಕ್ ಅನ್ನುವವರು ವಿಜಯನಗರಕ್ಕೆ ಬಂದರು. ಆಗ ಎರಡನೇ ದೇವರಾಯನ ಆಳ್ವಿಕೆ. ರಾಯ ಅವರನ್ನು ವಾರಕ್ಕೆ ಎರಡು ಸಲ ಸಂಜೆ ಹೊತ್ತು ಕರೆಸಿಕೊಳ್ಳುತ್ತಿದ್ದ. ಕರೆಸಿ ಏನು ಮಾಡುತ್ತಿದ್ದ ಗೊತ್ತಾ? ನಿಮ್ಮ ದೊರೆ ಹೇಗೆ, ಏನು ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಪ್ರತಿ ಸಲವೂ ವೀಳ್ಯ, ಪಚ್ಚಕರ್ಪೂರ, ಹಣದ ಚೀಲ ಕೊಟ್ಟು ಕಳಿಸುತ್ತಿದ್ದ. ನಿಮ್ಮ ಅಜ್ಜಿ ಕಟ್ಟೆ ಮೇಲೆ ಮಾಡಿದ್ದೂ ಇದನ್ನೇ ಅಲ್ವಾ?

ಆ ಹಣದ ಚೀಲದ ಹಿಂದೆ ಒಂದು ಮಾತಿದೆ. ಅದನ್ನು ರಜಾಕ್ ತಮ್ಮ ಬರಹದಲ್ಲಿ ಉಳಿಸಿದ್ದಾರೆ, ನನಗೆ ತುಂಬ ಇಷ್ಟ. ನಿಮ್ಮ ದೊರೆಗಳು ರಾಯಭಾರಿಯನ್ನು ಜೊತೆಗೆ ಕೂರಿಸಿಕೊಂಡು ಊಟ ಹಾಕುತ್ತಾರೆ, ನಾವೂ ನೀವೂ ಒಟ್ಟಿಗೆ ಉಣ್ಣುವ ಹಾಗಿಲ್ಲ, ಅದಕ್ಕೇ ಈ ಹೊನ್ನಿನ ಚೀಲವೇ ನಾವು ನಿಮಗೆ ಇಡುವ ಊಟ. ರಾಯ ಹೇಳಿದ್ದು ಇಷ್ಟು. ಒಟ್ಟಿಗೆ ಉಣ್ಣಬಾರದು ಅನ್ನುವ ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ, ಅದು ಹೋದದ್ದೇ ಒಳ್ಳೆಯದು. ನಾನು ನೋಡುವುದು ರಾಯ ಅದನ್ನು ಹೇಳಿದ ರೀತಿಯನ್ನು. ಅತಿಥಿಯ ಮನಸ್ಸಿನಲ್ಲಿ ಏನು ಏಳಬಹುದು ಅಂತ ತಾನೇ ಊಹಿಸಿದ. ನಿಮ್ಮಲ್ಲಿ ಹೀಗೆ, ನಮ್ಮಲ್ಲಿ ಹೀಗೆ ಅಂತ ಬಿಡಿಸಿ ಹೇಳಿದ. ಕ್ಷಮೆ ಕೇಳಲಿಲ್ಲ, ಜಂಬವನ್ನೂ ಪಡಲಿಲ್ಲ. ಹೊರಗಿನವರು ಬಂದಾಗ ನಾವು ಮಾಡಬೇಕಾದ್ದು ಇದೊಂದೇ, ಇದನ್ನೇ ನಾವು ಮರೆತಿದ್ದೇವೆ.

ಹೇಳುವವರು ಇಲ್ಲದಿದ್ದರೆ ಕಣ್ಣಿಗೆ ಕಂಡದ್ದು ಅರ್ಧ ಮಾತ್ರ ತಿಳಿಯುತ್ತದೆ. ಸುಮಾರು 1520ರಲ್ಲಿ ಪೋರ್ಚುಗೀಸರ ಡೊಮಿಂಗೊ ಪಾಯೆಸ್ ಬಂದಾಗ ನಿಮ್ಮ ಆನೆಗೊಂದಿಗೆ ಹೊಳೆ ದಾಟುವುದನ್ನು ನೋಡಿ ಬರೆದಿದ್ದಾರೆ. ಬುಟ್ಟಿಯ ಹಾಗೆ ದುಂಡಗಿನ ದೋಣಿಗಳು, ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ. ಆದರೆ ಇವು ಬೇರೆ ದೋಣಿಗಳ ಹಾಗೆ ನೆಟ್ಟಗೆ ಹೋಗಲಾರವು, ಸುತ್ತುತ್ತಲೇ ಇರುತ್ತವೆ ಅಂತ. ಒಂದೊಂದು ಅಕ್ಷರವೂ ನಿಜ. ಇವತ್ತು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು, ಅಷ್ಟೇ ವ್ಯತ್ಯಾಸ. ಆದರೆ ಅದು ಯಾಕೆ ದುಂಡಗೆ ಅಂತ ಅಂಬಿಗನನ್ನು ಕೇಳಿದ್ದರೆ ಅವನು ಹೇಳುತ್ತಿದ್ದ. ನಮ್ಮ ಹೊಳೆಯಲ್ಲಿ ಎಲ್ಲಿ ನೋಡಿದರೂ ಬಂಡೆ. ಮೂತಿ ಇರುವ ದೋಣಿಯಾದರೆ ಬಂಡೆಗೆ ಹೊಡೆದು ನಿಲ್ಲುತ್ತದೆ. ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ತಳ ಚಪ್ಪಟೆ, ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ. ಬಂಡೆ ತಗುಲಿದರೆ ಸುತ್ತಿಕೊಂಡು ಪಕ್ಕಕ್ಕೆ ಜಾರುತ್ತದೆ. ಸುತ್ತುವುದರಿಂದಲೇ ಅದು ದಡ ಸೇರುತ್ತದೆ. ನಮ್ಮವರ ಮಾತಿನ ರೀತಿಯೂ ಹಾಗೇ, ತಂಗಿ. ಸುತ್ತಿ ಸುತ್ತಿ ಬರುತ್ತೇವೆ. 'ಇಲ್ಲ' ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಲಾರೆವು. 'ನೋಡೋಣ ತಗೋರಿ' ಅನ್ನುತ್ತೇವೆ, ತಲೆಯನ್ನು ಅತ್ತ ಇತ್ತ ಆಡಿಸುತ್ತೇವೆ. ಹೊರಗಿನವರು ಅದು ಹೌದೋ ಅಲ್ಲವೋ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ನಿನ್ನ ಮಾತು ಕೇಳಿಸಿತು, ಹೇಳು ಅನ್ನೋದು.

ಇನ್ನು ಥ್ಯಾಂಕ್ಯೂ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ನನ್ನ ಮನೆಯಲ್ಲೇ ಆದದ್ದು.

ಹದಿನೈದು ವರ್ಷ ಆಯಿತು. ನಮ್ಮ ಅಮ್ಮ ಆಗ ಹಳ್ಳಿಯ ಮನೆಯಲ್ಲೇ ಇದ್ದಳು. ಸಣಾಪುರದ ದಾರಿ, ರಸ್ತೆಗೆ ಹತ್ತಿಕೊಂಡ ಮನೆ. ಒಂದು ಭಾನುವಾರ ನಾನು ಅಲ್ಲಿಗೆ ಹೋಗಿದ್ದಾಗ ಬೆಲ್ಜಿಯಂ ದೇಶದ ಒಬ್ಬ ಹುಡುಗಿ ಪಂಕ್ಚರ್ ಆದ ಬಾಡಿಗೆ ಸೈಕಲ್ ತಳ್ಳಿಕೊಂಡು ಬಂದಳು. ಬಿಸಿಲಿಗೆ ಮುಖ ಮೆಣಸಿನಕಾಯಿ ಹಾಗಾಗಿತ್ತು. ಅಮ್ಮ ಸೈಕಲ್ ಕಡೆ ನೋಡಲೂ ಇಲ್ಲ, ಹುಡುಗಿಯ ಮುಖ ನೋಡಿ 'ಒಳಗ ಬಾ' ಅಂದಳು. ಒಲೆ ಮುಂದೆ ಮಣೆ ಹಾಕಿದಳು. ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಉಂಡೆ ರೊಟ್ಟಿ ತಟ್ಟುವ ಕೊಣಮಿಗೆಯಲ್ಲಿ ಪಟಪಟ ಅಂತ ಅಗಲ ಆಗುವುದು, ಅಂಗೈಯಿಂದ ಹಂಚಿಗೆ ಜಾರುವುದು, ಮೇಲೆ ನೀರು ಸವರಿದಾಗ ಚುರ್ ಅನ್ನುವುದು, ಆಮೇಲೆ ಕೆಂಡದ ಹತ್ತಿರ ನಿಲ್ಲಿಸಿದರೆ ಉಬ್ಬುವುದು. ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ತಟ್ಟೆಗೆ ಮೊದಲ ರೊಟ್ಟಿ ಬಿತ್ತು. ಥ್ಯಾಂಕ್ಯೂ. ಪುಂಡಿಪಲ್ಯ ಬಿತ್ತು. ಥ್ಯಾಂಕ್ಯೂ. ಗುರೆಳ್ಳು ಚಟ್ನಿ, ಮೊಸರು, ಎರಡನೇ ರೊಟ್ಟಿ. ಥ್ಯಾಂಕ್ಯೂ, ಥ್ಯಾಂಕ್ಯೂ, ಥ್ಯಾಂಕ್ಯೂ. ಮೂರನೇ ರೊಟ್ಟಿಗೆ ಅಮ್ಮ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

'ಏನಂತಾಳಪ್ಪ ಹೊಡಮಳ್ಳಿ ಹೊಡಮಳ್ಳಿ?'

ಕೊಟ್ಟಿದ್ದಕ್ಕೆ ಉಪಕಾರ ಆಯಿತು ಅಂತಾಳಮ್ಮ ಅಂದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ರೊಟ್ಟಿಗೊಮ್ಮೆ ಲೆಕ್ಕಾ ಚುಕ್ತಾ ಮಾಡಿದ್ರ ಋಣ ಉಳಿಯೂದ್ಯಾವಾಗ?' ಅಂದಳು.

ನಾನು ಆ ಮಾತನ್ನು ಹುಡುಗಿಗೆ ಹೇಳಿದೆ. ನನ್ನ ಇಂಗ್ಲಿಷಿನಲ್ಲಿ ಋಣಕ್ಕೆ ಸರಿಯಾದ ಪದ ಇರಲಿಲ್ಲ. ಸಾಲ ಅಂದರೆ ತಪ್ಪಾಗುತ್ತದೆ. ಸಾಲವನ್ನು ತೀರಿಸಬೇಕು. ಋಣ ತೀರಬಾರದು, ಅದು ಇದ್ದರೇ ಮತ್ತೆ ಭೇಟಿ. ಹತ್ತು ನಿಮಿಷ ಹಿಡಿಯಿತು ಇಷ್ಟು ಹೇಳೋಕೆ. ಅವಳು ಕೇಳಿದಳು, ಹಾಗಾದರೆ ಊಟ ಚೆನ್ನಾಗಿದ್ದರೆ ನೀವು ಏನು ಹೇಳುತ್ತೀರಿ ಅಂತ. ಅಮ್ಮನಿಗೇ ಕೇಳಿದೆ. 'ನಿನ್ನ ಹೊಟ್ಟಿ ತಣ್ಣಗಿರಲಿ ಅಂತೀವಿ' ಅಂದಳು. ನಮ್ಮಲ್ಲಿ ಕೃತಜ್ಞತೆಗೆ ಮಾತೇ ಇಲ್ಲ ಅನ್ನುವವರು ಈ ಮಾತು ಕೇಳಿಲ್ಲ. ಧನ್ಯವಾದ ಅನ್ನುವ ಪದ ಸಭೆಯಲ್ಲಿ ವಂದನಾರ್ಪಣೆಗೆ ಸರಿ. ಒಲೆ ಮುಂದೆ ಕೂತು ಯಾವ ತಾಯಿಗೂ ಯಾವ ಮಗನೂ ಧನ್ಯವಾದ ಅಂದದ್ದನ್ನು ನಾನು ಕೇಳಿಲ್ಲ.

ಪುಷ್ಯ ಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ನೀವು ಬಂದೇ ಇರುತ್ತೀರಿ. ಊರೂರಿನಿಂದ ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿ ಬರುತ್ತವೆ. ಅದನ್ನು ತಟ್ಟಿದ ಹೆಣ್ಣುಮಕ್ಕಳ ಹೆಸರು ಯಾರಿಗೂ ಗೊತ್ತಿಲ್ಲ. ಉಂಡವರು ಲಕ್ಷಗಟ್ಟಲೆ, ಯಾರ ಕೈಯ ರೊಟ್ಟಿ ಯಾರ ತಟ್ಟೆಗೆ ಬಿತ್ತೋ ಅದೂ ಗೊತ್ತಿಲ್ಲ. ಯಾರು ಯಾರಿಗೆ ಥ್ಯಾಂಕ್ಯೂ ಅನ್ನಬೇಕು? ಮುಂದಿನ ವರ್ಷ ಉಂಡವರ ಮನೆಯಿಂದಲೂ ರೊಟ್ಟಿ ಬರುತ್ತದೆ.

ಹೊರದೇಶದವರು ಬೆಚ್ಚಿಬೀಳುವ ಇನ್ನೊಂದೆರಡು ಸಂಗತಿ ಇವೆ, ಬೇಗ ಹೇಳುತ್ತೇನೆ. ಎಡಗೈಯಲ್ಲಿ ಕೊಡಬಾರದು ಅಂದರೆ ಅವಮಾನಕ್ಕೆ ಅಲ್ಲ, ಆ ಕೈಗೆ ಬೇರೆ ಕೆಲಸ ಇದೆ, ಅಷ್ಟೇ. ಗೆಳೆಯರಿಬ್ಬರು ಕೈಕೈ ಹಿಡಿದು ನಡೆದರೆ ಅದು ಗೆಳೆತನ. ಮಗುವಿನ ಕೆನ್ನೆಯ ಕಪ್ಪು ಬೊಟ್ಟು ಕೊಳೆ ಅಲ್ಲ, ದೃಷ್ಟಿ ಬೊಟ್ಟು. ಹೊಸಲಿನ ಮೇಲಿನ ಸ್ವಸ್ತಿಕ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕಾದ್ದು. ಯುರೋಪಿನವರಿಗೆ ಅದನ್ನು ಕಂಡರೆ ಜೀವ ಹಾರುತ್ತದೆ, ಇಸ್ರೇಲಿನಿಂದ ಬಂದ ಯಹೂದಿಗಳಿಗಂತೂ ಇನ್ನೂ ಜಾಸ್ತಿ. ನಿಮ್ಮ ಭಾಗಕ್ಕೆ ಅವರು ತುಂಬ ಬರುತ್ತಾರೆ. ಜರ್ಮನಿಯ ಹಿಟ್ಲರನ ನಾಜಿಗಳು 1920ರಲ್ಲಿ ಅದನ್ನು ತಮ್ಮ ಬಾವುಟಕ್ಕೆ ಹಾಕಿಕೊಂಡರು, ಆಮೇಲೆ ಲಕ್ಷಾಂತರ ಯಹೂದಿಗಳನ್ನು ಕೊಂದರು. ಅವರ ಭಯಕ್ಕೆ ಕಾರಣ ಇದೆ. ನಮ್ಮ ಹೊಸಲಿನ ಗುರುತು ಅದಕ್ಕಿಂತ ಎಷ್ಟೋ ಶತಮಾನ ಹಳೆಯದು, ದೀಪಾವಳಿಯ ಲೆಕ್ಕದ ಪುಸ್ತಕದ ಮೇಲೂ ಅದನ್ನೇ ಬರೆಯುತ್ತೇವೆ. ಅದನ್ನು ಅಳಿಸಬೇಡಿ. ಆದರೆ ಅವರು ಕೇಳುವ ಮೊದಲೇ ನೀವೇ ಹೇಳಿ.

ಎಲ್ಲವನ್ನೂ ತಪ್ಪು ತಿಳಿವಳಿಕೆಯ ಲೆಕ್ಕಕ್ಕೆ ಹಾಕುವುದಕ್ಕೂ ನಾನು ಒಪ್ಪುವುದಿಲ್ಲ. ಅಂಜನಾದ್ರಿ ಮೆಟ್ಟಿಲ ಹತ್ತಿರ ಬಿಳಿ ಹುಡುಗಿಯರನ್ನು ಸುತ್ತುಗಟ್ಟಿ ಸೆಲ್ಫಿ ಅಂತ ಮೈಮೇಲೆ ಬೀಳುವ ಹುಡುಗರದ್ದು ಸಂಸ್ಕೃತಿಯಲ್ಲ, ಪುಂಡಾಟ. 2025ರ ಮಾರ್ಚ್‌ನಲ್ಲಿ ಸಣಾಪುರದ ಹತ್ತಿರ ಪ್ರವಾಸಿಗರ ಮೇಲೆ, ಅವರ ಜೊತೆಗಿದ್ದ ನಮ್ಮದೇ ಹೋಂಸ್ಟೇ ಹೆಣ್ಣುಮಗಳ ಮೇಲೆ ನಡೆದದ್ದು ಘೋರ ಅಪರಾಧ. ಒಂದು ಜೀವವೂ ಹೋಯಿತು. ಅದರ ಮುಂದೆ ನಾವೆಲ್ಲ ತಲೆ ತಗ್ಗಿಸಲೇಬೇಕು. ಅದಕ್ಕೇ ಹೇಳುವುದು ತಂಗಿ, ನಾಚಿಕೆಯನ್ನು ಅಂಥ ಜಾಗಕ್ಕೆ ಉಳಿಸಿಕೊಳ್ಳಿ. ಅಜ್ಜಿಯ ಕಟ್ಟೆಯ ಮೇಲೆ ಖರ್ಚು ಮಾಡಬೇಡಿ.

ನನ್ನ ನಿಜವಾದ ಸಿಟ್ಟು ಹೊರದೇಶದವರ ಮೇಲಲ್ಲ. ಅವರು ಮೂರು ದಿನ ಇದ್ದು ಹೋಗುವವರು. ಅವರಲ್ಲೂ ಕೂತು ಕಲಿತವರು ಇದ್ದಾರೆ. 1810ರಲ್ಲಿ ಬಳ್ಳಾರಿಗೆ ಬಂದ ಪಾದ್ರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. ಅವರ ಜೊತೆಯವರಾದ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು, ಕಿಟೆಲ್ ನಿಘಂಟಿಗಿಂತ 62 ವರ್ಷ ಮೊದಲು. ಬಂದ ಉದ್ದೇಶ ಏನೇ ಇರಲಿ, ಬಳ್ಳಾರಿಯ ಬಿಸಿಲಲ್ಲಿ ಕೂತು ನಮ್ಮ ಒಂದೊಂದು ಪದ ಕೇಳಿ ಬರೆದುಕೊಂಡರಲ್ಲ, ಅವರ ಮೇಲೆ ನನಗೆ ಗೌರವ ಇದೆ.

ಸಿಟ್ಟು ನಮ್ಮವರ ಮೇಲೆ. ನನ್ನ ಪರಿಚಯದ ಮನೆಯೊಂದರಲ್ಲಿ ಎರಡನೇ ಕ್ಲಾಸಿನ ಹುಡುಗ ಶಾಲೆಯಲ್ಲಿ ಟೀಚರಿಗೆ 'ಊಟ ಆತೇನ್ರಿ ಮಿಸ್' ಅಂದನಂತೆ. ಹಾಗೆಲ್ಲ ಪರ್ಸನಲ್ ಪ್ರಶ್ನೆ ಕೇಳಬಾರದು ಅಂತ ಅವರು ಹೇಳಿಕೊಟ್ಟರಂತೆ. ಮಗು ಮನೆಗೆ ಬಂದು ತನ್ನ ಅಜ್ಜನಿಗೂ ಅದನ್ನೇ ಹೇಳಿತು. ನೋಡಿ, ಹೊರದೇಶದವರಿಗೆ ತಿಳಿಯದಿದ್ದದ್ದು ಸಹಜ. ನಮ್ಮದೇ ನೆಲದ ಟೀಚರಿಗೆ, ನಮ್ಮದೇ ಮಗುವಿನ ಮಾತು ಪರದೇಶದ ಕಿವಿಯಲ್ಲಿ ಕೇಳಿಸಿತಲ್ಲ, ಅದಕ್ಕೆ ಏನು ಹೇಳೋಣ? ಪ್ರವಾಸಿಗಳಿಗೆ ಕೊಡುವ ಕರಪತ್ರಗಳನ್ನೂ ನೋಡಿದ್ದೇನೆ. ಚಪ್ಪಲಿ ಬಿಡಿ, ಎಡಗೈ ಬೇಡ, ಮೈ ಮುಚ್ಚಿಕೊಳ್ಳಿ. ಯಾಕೆ ಅಂತ ಒಂದು ಸಾಲೂ ಇರುವುದಿಲ್ಲ. ಬರೆದವರಿಗೇ ಗೊತ್ತಿಲ್ಲವೋ, ಹೇಳೋಕೆ ಸಂಕೋಚವೋ. ಬೆಂಗಳೂರಿನಿಂದ ಬರುವ ನೆಂಟರು ನಮ್ಮ ಮಾತನ್ನು ಆಡಿ ತೋರಿಸಿ ನಗುತ್ತಾರೆ. ನಾವೂ ಜೊತೆಗೆ ನಗುತ್ತೇವೆ. ಹೀಗೆ ನಕ್ಕು ನಕ್ಕು ಒಂದು ದಿನ ಅಜ್ಜಿಯನ್ನು ಒಳಗೆ ಕೂರಿಸಬೇಕಾ ಅಂತ ಕೇಳುವಲ್ಲಿಗೆ ಬಂದಿದ್ದೇವೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಅಜ್ಜಿಗೆ ಏನನ್ನೂ ಕಲಿಸಬೇಡಿ. ಮಕ್ಕಳ ವಿಷಯ ಒಂದನ್ನು ಮಾತ್ರ, 'ಅದನ್ನ ಕೇಳಿದ್ರ ಅವರಿಗೆ ಸಂಕಟ ಆಗ್ತದ ಅಜ್ಜಿ' ಅಂತ ಕಿವಿಯಲ್ಲಿ ಹೇಳಿ. ಸಂಕಟ ಅನ್ನೋ ಪದ ಅವರಿಗೆ ತಕ್ಷಣ ತಿಳಿಯುತ್ತದೆ. ಮುಂದಿನ ಅತಿಥಿಗಳು ಬಂದಾಗ ಚಾ ಕೊಟ್ಟು, ನೀವೇ ಪಕ್ಕ ಕೂತು ಹೇಳಿ: ನಮ್ಮ ಅಜ್ಜಿ ನಿಮ್ಮನ್ನು ತುಂಬ ಪ್ರಶ್ನೆ ಕೇಳುತ್ತಾರೆ, ನೀವೂ ಅವರನ್ನು ಕೇಳಬಹುದು. ಎಷ್ಟು ಎಕರೆ, ಎಷ್ಟು ಸೊಸೆಯಂದಿರು, ಯಾವ ಸೊಸೆ ಮೇಲೆ ಪ್ರೀತಿ ಜಾಸ್ತಿ, ಏನು ಬೇಕಾದರೂ. ಆಮೇಲೆ ಎರಡೂ ಕಡೆಯ ಮಾತನ್ನು ಪೂರ್ತಿ ದಾಟಿಸಿ. ಒಂದು ಕಡೆಯದ್ದು ಮಾತ್ರ ಅಲ್ಲ.

ಆ ಬೆಲ್ಜಿಯಂ ಹುಡುಗಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಊಟ ಆಯಿತು, ಸೈಕಲ್ ಪಂಕ್ಚರ್ ಹಾಕಿಸಿದ್ದಾಯಿತು. ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು 'ಹೋಗಿ ಬಾ' ಅಂದಳು. ಏನಂದರು ಅಂತ ಹುಡುಗಿ ಕೇಳಿದಳು. ನಾನು ಪದಕ್ಕೆ ಪದ ಹೇಳಿದೆ: ಹೋಗು, ಮತ್ತೆ ಬಾ. ಹೊರಡುವವರಿಗೆಲ್ಲ ನಾವು ಹಾಗೇ ಹೇಳುತ್ತೇವೆ, ಬರೀ ಹೋಗು ಅನ್ನಬಾರದು ಅಂತ ಬಿಡಿಸಿ ಹೇಳಲಿಲ್ಲ. ಅವಳು ತಲೆ ಆಡಿಸಿ ಹೋದಳು.

ಸಂಜೆ ಏಳು ಗಂಟೆಗೆ ಬಾಗಿಲ ಹತ್ತಿರ ಸೈಕಲ್ ಗಂಟೆ ಕೇಳಿಸಿತು. ಅದೇ ಹುಡುಗಿ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಬಾ ಅಂದಿದ್ದರಲ್ಲ, ಬಂದಿದ್ದೀನಿ ಅಂದಳು. ನಾನು ಏನು ಹೇಳಬೇಕೋ ತಿಳಿಯದೆ ನಿಂತಿದ್ದೆ. ಅಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. 'ಬಂದ್ಯಾ? ಕುಂದ್ರು' ಅಂದು ಹಣ್ಣು ಇಸಿದುಕೊಂಡು, ಆರಿದ್ದ ಒಲೆಗೆ ಎರಡು ಕಟ್ಟಿಗೆ ನೂಕಿದಳು.